ಒತ್ತಿದರೂ ಉತ್ತರ ಕೊಡದ ಕೀ: ಲಿನಕ್ಸ್‌ನಲ್ಲಿ ಕೀಬೋರ್ಡಿನ ಹೆಚ್ಚುವರಿ ಬಟನ್‌ಗಳ ಕಥೆ

ಈಗಿನ ಕೀಬೋರ್ಡ್‌ಗಳಲ್ಲಿ ಅಕ್ಷರ, ಅಂಕಿಗಳ ಜೊತೆಗೆ ಇನ್ನೊಂದಿಷ್ಟು ಬಟನ್‌ಗಳು ಇರುತ್ತವೆ. ಕ್ಯಾಲ್ಕುಲೇಟರ್ ಚಿತ್ರದ್ದು ಒಂದು, ಲಕೋಟೆ ಚಿತ್ರದ್ದು ಒಂದು, ಮನೆ ಚಿತ್ರದ್ದು ಒಂದು. ಹಾಡು ನಿಲ್ಲಿಸುವುದಕ್ಕೆ, ದನಿ ಏರಿಸುವುದಕ್ಕೆ, ಮೈಕ್ ಮುಚ್ಚುವುದಕ್ಕೆ ಬೇರೆ ಬೇರೆ. ಲಿನಕ್ಸ್ ಹಾಕಿದ ಮೇಲೆ ಇವುಗಳಲ್ಲಿ ಕೆಲವು ತಾವಾಗಿಯೇ ನಡೆಯುತ್ತವೆ, ಕೆಲವು ಒತ್ತಿದರೂ ಸುಮ್ಮನಿರುತ್ತವೆ. ಆಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಲಿನಕ್ಸ್‌ಗೆ ಇದರ ಡ್ರೈವರ್ ಇಲ್ಲ."

ಹೆಚ್ಚಿನ ಸಲ ಈ ಮಾತು ತಪ್ಪು. ಕೀ ತನ್ನ ಕೆಲಸ ಮಾಡಿರುತ್ತದೆ, ಸುದ್ದಿಯನ್ನು ಕಳಿಸಿಯೂ ಇರುತ್ತದೆ. ಆ ಸುದ್ದಿ ದಾರಿಯಲ್ಲಿ ಎಲ್ಲೋ ನಿಂತಿರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಫೈಲು ಸಿಕ್ಕಿಹಾಕಿಕೊಂಡ ಹಾಗೆ. ಹೊಸ ಅರ್ಜಿ ಹಾಕಿ ಪ್ರಯೋಜನವಿಲ್ಲ, ಅದು ಯಾರ ಮೇಜಿನ ಮೇಲೆ ಕೂತಿದೆ ಎಂದು ಮೊದಲು ತಿಳಿಯಬೇಕು. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಎಡವುವುದು ಇಲ್ಲೇ. ಯಾವುದೋ ಒಂದು ಮೇಜಿನ ಪರಿಹಾರವನ್ನು ಎಲ್ಲ ಮೇಜಿಗೂ ಹೇಳುತ್ತಾರೆ. ಅದು ಒಬ್ಬರಿಗೆ ನಡೆಯುತ್ತದೆ, ಹತ್ತು ಜನಕ್ಕೆ ನಡೆಯುವುದಿಲ್ಲ.

ಹಾಗಾಗಿ ಮೊದಲು ದಾರಿಯನ್ನು ನೋಡೋಣ.

ಒಂದು ಕೀ, ನಾಲ್ಕು ಹೆಸರು

ಕೀಬೋರ್ಡಿಗೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಯುಎಸ್‌ಬಿ ಕೀಬೋರ್ಡ್‌ಗಳು ಪಾಲಿಸುವ ನಿಯಮಾವಳಿಯ ಹೆಸರು ಎಚ್‌ಐಡಿ. ಅದರಲ್ಲಿ ಕೀಗಳನ್ನು ಗುಂಪು ಗುಂಪಾಗಿ ವಿಂಗಡಿಸಿದ್ದಾರೆ. ಮಾಮೂಲಿ ಅಕ್ಷರ, ಅಂಕಿ, ಶಿಫ್ಟ್, ಕ್ಯಾಪ್ಸ್ ಲಾಕ್ ಎಲ್ಲ 7ನೇ ಗುಂಪು. ದನಿ, ಹಾಡು, ಕ್ಯಾಲ್ಕುಲೇಟರ್, ಮೇಲ್ ಇವೆಲ್ಲ 12ನೇ ಗುಂಪು. ಕಂಪ್ಯೂಟರನ್ನು ಮಲಗಿಸುವ, ಆರಿಸುವ ಬಟನ್‌ಗಳು 1ನೇ ಗುಂಪು. ಪ್ರತಿ ಗುಂಪಿನೊಳಗೆ ಪ್ರತಿ ಕೀಗೂ ಒಂದು ಸಂಖ್ಯೆ. ಎರಡನ್ನೂ ಸೇರಿಸಿದರೆ ಸ್ಕ್ಯಾನ್‌ಕೋಡ್. ಕ್ಯಾಪ್ಸ್ ಲಾಕಿನ ಸ್ಕ್ಯಾನ್‌ಕೋಡ್ 70039. ಕ್ಯಾಲ್ಕುಲೇಟರಿನದು ಸಿ0192. ಇವೆಲ್ಲ ಹದಿನಾರರ ಲೆಕ್ಕದ ಸಂಖ್ಯೆಗಳು. ಅದರಲ್ಲಿ 12 ಎಂದರೆ ಇಂಗ್ಲಿಷಿನ ಸಿ ಅಕ್ಷರ, ಅದಕ್ಕೇ ಆ ಸಿ.

ಮುಂದಿನ ಮೇಜು ಕರ್ನೆಲ್, ಅಂದರೆ ಲಿನಕ್ಸ್‌ನ ಒಳತಿರುಳು. ಲೋಕದಲ್ಲಿ ನೂರಾರು ಬಗೆಯ ಕೀಬೋರ್ಡ್‌ಗಳಿವೆ, ಹಳೆಯ ಪಿಎಸ್2 ಬಗೆಯವು ಬೇರೆಯದೇ ಸಂಖ್ಯೆ ಕಳಿಸುತ್ತವೆ. ಇವನ್ನೆಲ್ಲ ಒಂದೇ ಪಟ್ಟಿಗೆ ತರುವುದು ಕರ್ನೆಲ್ಲಿನ ಕೆಲಸ. ಸಿ0192 ಬಂದರೆ ಅದು ಕೀಕೋಡ್ 140 ಎಂದು ಬರೆದುಕೊಳ್ಳುತ್ತದೆ, ಹೆಸರು ಕೀ-ಕ್ಯಾಲ್ಕ್. ಕ್ಯಾಪ್ಸ್ ಲಾಕ್ 58 ಆಗುತ್ತದೆ. ದನಿ ಏರಿಸುವುದು 115, ಇಳಿಸುವುದು 114, ಪೂರ್ತಿ ಮುಚ್ಚುವುದು 113.

ಮೂರನೆಯ ಮೇಜು ಎಕ್ಸ್‌ಕೆಬಿ. ಇದು ಕೀಕೋಡನ್ನು ತೆಗೆದುಕೊಂಡು ಅರ್ಥ ಕೊಡುತ್ತದೆ. ನೀವು ಕನ್ನಡ ವಿನ್ಯಾಸದಲ್ಲಿದ್ದೀರಾ, ಇಂಗ್ಲಿಷ್‌ನಲ್ಲಿದ್ದೀರಾ, ಶಿಫ್ಟ್ ಒತ್ತಿದ್ದೀರಾ ಎಂಬುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇದು ಕೊಡುವ ಹೆಸರಿಗೆ ಕೀಸಿಮ್ ಎನ್ನುತ್ತಾರೆ. ನಮ್ಮ ಕ್ಯಾಲ್ಕುಲೇಟರ್ ಇಲ್ಲಿ ಎಕ್ಸ್‌ಎಫ್86 ಕ್ಯಾಲ್ಕುಲೇಟರ್ ಆಗುತ್ತದೆ. ಎಕ್ಸ್ ಸರ್ವರ್ ಎಂದರೆ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಪ್ರೋಗ್ರಾಂ. ಎಕ್ಸ್‌ಎಫ್86 ಎಂಬುದು ಎಕ್ಸ್‌ಫ್ರೀ86 ಎಂಬ ಹಳೆಯ ಎಕ್ಸ್ ಸರ್ವರಿನ ಚಿಕ್ಕ ಹೆಸರು. ಆ ಸರ್ವರ್ ಈಗ ಬಳಕೆಯಲ್ಲಿಲ್ಲ, ಆದರೆ ಹೆಚ್ಚುವರಿ ಕೀಗಳ ಹೆಸರಿಗೆಲ್ಲ ಅದರ ಗುರುತು ಅಂಟಿಕೊಂಡು ಉಳಿದಿದೆ.

ಕೊನೆಯ ಮೇಜು ಡೆಸ್ಕ್‌ಟಾಪ್. ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ, ಸ್ವೇ, ಹೀಗೆ ಯಾವುದಾದರೂ. "ಎಕ್ಸ್‌ಎಫ್86 ಕ್ಯಾಲ್ಕುಲೇಟರ್ ಬಂದರೆ ಕ್ಯಾಲ್ಕುಲೇಟರ್ ತೆರೆ" ಎಂದು ಯಾರಾದರೂ ಇದಕ್ಕೆ ಹೇಳಿರಬೇಕು. ಹೇಳದೆ ಇದ್ದರೆ ಕೀಸಿಮ್ ಸರಿಯಾಗಿಯೇ ಬರುತ್ತದೆ, ಕೇಳುವವರು ಮಾತ್ರ ಇರುವುದಿಲ್ಲ.

ಎಲ್ಲಿ ನಿಂತಿದೆ ಎಂದು ಪತ್ತೆ ಮಾಡುವುದು

ಇದಕ್ಕೆ ನನ್ನ ಮೊದಲ ಆಯ್ಕೆ ಇವಿಟೆಸ್ಟ್ ಎಂಬ ಪುಟ್ಟ ಪ್ರೋಗ್ರಾಂ. ಉಬುಂಟು, ಫೆಡೋರಾ ಥರದ ಹೆಚ್ಚಿನ ಲಿನಕ್ಸ್ ಹಂಚಿಕೆಗಳ ಭಂಡಾರದಲ್ಲಿ ಇದೇ ಹೆಸರಿನಲ್ಲಿ ಸಿಗುತ್ತದೆ. ಇದು ಡೆಸ್ಕ್‌ಟಾಪನ್ನು ಕೇಳುವುದೇ ಇಲ್ಲ, ನೇರವಾಗಿ ಕರ್ನೆಲ್ಲಿನ ಬಾಗಿಲಲ್ಲಿ ಕೂತು ಏನು ಬರುತ್ತಿದೆ ಎಂದು ನೋಡುತ್ತದೆ. ಅದಕ್ಕಾಗಿ ಸೂಡೋ, ಅಂದರೆ ಆಡಳಿತಗಾರನ ಅನುಮತಿ ಬೇಕು. ಬೇಕೇ ಬೇಕು ಬಿಡಿ, ಇಲ್ಲವಾದರೆ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮ ಪಾಸ್‌ವರ್ಡ್ ಕದ್ದು ಓದುತ್ತಿತ್ತು.

ಇವಿಟೆಸ್ಟ್ ಓಡಿಸಿದ ತಕ್ಷಣ ಸಾಧನಗಳ ಪಟ್ಟಿ ಬರುತ್ತದೆ. ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ನಿಮ್ಮ ಮೇಜಿನ ಮೇಲೆ ಇರುವುದು ಒಂದೇ ಕೀಬೋರ್ಡ್. ಪಟ್ಟಿಯಲ್ಲಿ ಮಾತ್ರ ಅದೇ ಹೆಸರು ಎರಡು ಮೂರು ಸಲ ಕಾಣುತ್ತದೆ. ಒಂದಕ್ಕೆ ಬರೀ ಕೀಬೋರ್ಡಿನ ಹೆಸರು, ಇನ್ನೊಂದಕ್ಕೆ ಕೊನೆಯಲ್ಲಿ ಕನ್ಸ್ಯೂಮರ್ ಕಂಟ್ರೋಲ್, ಮತ್ತೊಂದಕ್ಕೆ ಸಿಸ್ಟಂ ಕಂಟ್ರೋಲ್ ಎಂಬ ಬಾಲ. ಮೇಲೆ ಹೇಳಿದ ಗುಂಪುಗಳೇ ಇಲ್ಲಿ ಬೇರೆ ಬೇರೆ ಸಾಧನಗಳಾಗಿ ನಿಂತಿವೆ. ಕ್ಯಾಲ್ಕುಲೇಟರ್ ಕೀಯನ್ನು ಮೊದಲನೆಯದರಲ್ಲಿ ಹುಡುಕಿದರೆ ಏನೂ ಬರುವುದಿಲ್ಲ. ಅಷ್ಟಕ್ಕೇ "ಕೀ ಸತ್ತಿದೆ" ಎಂದು ತೀರ್ಮಾನಿಸಬೇಡಿ. ಕನ್ಸ್ಯೂಮರ್ ಕಂಟ್ರೋಲ್ ತೆರೆದು ಮತ್ತೆ ಒತ್ತಿ ನೋಡಿ. ಒಂದೊಂದಾಗಿ ನೋಡುವುದು ಬೇಸರವಾದರೆ ಲಿಬ್‌ಇನ್‌ಪುಟ್‌ನ ಡೀಬಗ್-ಇವೆಂಟ್ಸ್ ಆದೇಶ ಎಲ್ಲ ಸಾಧನಗಳನ್ನೂ ಒಟ್ಟಿಗೆ ತೋರಿಸುತ್ತದೆ.

ಕೀ ಒತ್ತಿದಾಗ ಇವಿಟೆಸ್ಟ್ ಎರಡು ಮುಖ್ಯ ಸಾಲು ಬರೆಯುತ್ತದೆ. ಎಂಎಸ್‌ಸಿ ಸ್ಕ್ಯಾನ್ ಎಂಬ ಸಾಲಿನಲ್ಲಿ ಸ್ಕ್ಯಾನ್‌ಕೋಡ್ ಇರುತ್ತದೆ. ಅದರ ಕೆಳಗೆ ಇವಿ ಕೀ ಎಂಬ ಸಾಲಿನಲ್ಲಿ ಕರ್ನೆಲ್ ಕೊಟ್ಟ ಕೀಕೋಡ್ ಮತ್ತು ಹೆಸರು. ಕೊನೆಯ ಅಂಕಿ 1 ಆದರೆ ಒತ್ತಿದ್ದು, 0 ಆದರೆ ಬಿಟ್ಟಿದ್ದು, 2 ಆದರೆ ಒತ್ತಿ ಹಿಡಿದಿರುವುದರಿಂದ ಮತ್ತೆ ಮತ್ತೆ ಬರುತ್ತಿರುವುದು. ಈ 1 ಮತ್ತು 0 ಜೊತೆಜೊತೆಗೆ ಬರುತ್ತಿವೆಯಾ ಎಂದು ಗಮನಿಸಿ, ಮುಂದೆ ಬೇಕಾಗುತ್ತದೆ.

ಈಗ ಮೂರರಲ್ಲಿ ಒಂದು ಆಗಿರುತ್ತದೆ. ಸ್ಕ್ಯಾನ್‌ಕೋಡ್ ಬಂತು, ಹೆಸರೂ ಸರಿಯಾಗಿದೆ: ಹಾಗಾದರೆ ಮೊದಲ ಎರಡು ಮೇಜು ಸರಿ, ತೊಂದರೆ ಎಕ್ಸ್‌ಕೆಬಿಯಲ್ಲೋ ಡೆಸ್ಕ್‌ಟಾಪಿನಲ್ಲೋ ಇದೆ. ಸ್ಕ್ಯಾನ್‌ಕೋಡ್ ಬಂತು, ಆದರೆ ಹೆಸರು ಕೀ-ಅನ್‌ನೋನ್, ಕೋಡ್ 240, ಅಥವಾ ಬೇರೆಯದೇ ಕೀಯ ಹೆಸರು: ಕರ್ನೆಲ್ಲಿಗೆ ಆ ಕೀ ಪರಿಚಯವಿಲ್ಲ, ನಾವೇ ಪರಿಚಯ ಮಾಡಿಸಬೇಕು. ಏನೂ ಬರಲೇ ಇಲ್ಲ: ಇದು ತುಸು ಕಷ್ಟದ್ದು.

ಲ್ಯಾಪ್‌ಟಾಪಿನ ಒಳಗಿನ ಕೀಬೋರ್ಡ್ ಆದರೆ ಇನ್ನೊಂದು ಸುಳಿವು ಸಿಗುತ್ತದೆ. ಇಂದಿಗೂ ಎಷ್ಟೋ ಲ್ಯಾಪ್‌ಟಾಪ್‌ಗಳು ಒಳಗೊಳಗೆ ಹಳೆಯ ಪಿಎಸ್2 ರೀತಿಯಲ್ಲೇ ಕೀಬೋರ್ಡನ್ನು ಜೋಡಿಸುತ್ತವೆ. ಅಲ್ಲಿ ಗೊತ್ತಿಲ್ಲದ ಕೀ ಬಂದರೆ ಕರ್ನೆಲ್ ಡಿಮೆಸೇಜ್ ಎಂಬ ತನ್ನ ದಾಖಲೆಯಲ್ಲಿ "ಗೊತ್ತಿಲ್ಲದ ಕೀ ಒತ್ತಲಾಗಿದೆ" ಎಂದು ಕೋಡ್ ಸಮೇತ ಬರೆಯುತ್ತದೆ. ಜೊತೆಗೆ ಸೆಟ್‌ಕೀಕೋಡ್ಸ್ ಎಂಬ ಆದೇಶ ಬಳಸಿ ಎಂದು ಸಲಹೆಯನ್ನೂ ಕೊಡುತ್ತದೆ! ದೋಷ ತೋರಿಸಿ ಪರಿಹಾರವನ್ನೂ ಹೇಳುವ ಸಂದೇಶಗಳು ಕಂಪ್ಯೂಟರ್ ಲೋಕದಲ್ಲಿ ಅಪರೂಪ, ಅಲ್ವಾ? ಆದರೆ ಆ ಆದೇಶದ ಪರಿಣಾಮ ಮುಂದಿನ ರೀಬೂಟ್‌ವರೆಗೆ ಮಾತ್ರ. ಯುಎಸ್‌ಬಿ ಕೀಬೋರ್ಡಿಗಂತೂ ಅದು ನಾಟುವುದೇ ಇಲ್ಲ. ಪ್ರಯೋಗ ಮಾಡಿ ನೋಡುವುದಕ್ಕೆ ಸರಿ, ಕಾಯಂ ಪರಿಹಾರಕ್ಕೆ ಬೇರೆ ದಾರಿ ಇದೆ.

ಎರಡು ಸಾಲಿನ ಪರಿಹಾರ

ಆ ದಾರಿಯ ಹೆಸರು ಎಚ್‌ಡಬ್ಲ್ಯುಡಿಬಿ, ಅಂದರೆ ಸಾಧನಗಳನ್ನು ನೋಡಿಕೊಳ್ಳುವ ಯುಡೆವ್ ಎಂಬ ಸೇವೆ ಇಟ್ಟುಕೊಂಡಿರುವ ಯಂತ್ರಾಂಶದ ಮಾಹಿತಿ ಕೋಶ. ಇದರಲ್ಲಿ 60-ಕೀಬೋರ್ಡ್ ಎಂಬ ಒಂದು ದೊಡ್ಡ ಫೈಲ್ ಇದೆ. ಯಾವ ಕಂಪನಿಯ ಯಾವ ಮಾದರಿಯಲ್ಲಿ ಯಾವ ಸ್ಕ್ಯಾನ್‌ಕೋಡಿಗೆ ಯಾವ ಅರ್ಥ ಎಂದು ವರ್ಷಗಳಿಂದ ಬಳಕೆದಾರರು ಕೂಡಿಸುತ್ತ ಬಂದ ಪಟ್ಟಿ ಅದು. ಡೆಲ್, ಎಚ್‌ಪಿ, ಲೆನೊವೊ, ಏಸರ್, ಏಸಸ್, ಎಲ್ಲರೂ ಇದ್ದಾರೆ. ನಿಮ್ಮ ಲ್ಯಾಪ್‌ಟಾಪಿನ ಕೀಗಳು ಏನೂ ಮಾಡದೆ ನಡೆಯುತ್ತಿದ್ದರೆ ಅದಕ್ಕೆ ಕಾರಣ ಯಾರೋ ಎಂದೋ ಇಲ್ಲಿ ಎರಡು ಸಾಲು ಸೇರಿಸಿರಬಹುದು.

ಆ ಫೈಲನ್ನು ಮುಟ್ಟಬೇಡಿ. ಮುಂದಿನ ಅಪ್‌ಡೇಟಿನಲ್ಲಿ ನಿಮ್ಮ ಬದಲಾವಣೆ ಅಳಿಸಿಹೋಗುತ್ತದೆ. ಇಟಿಸಿ ಫೋಲ್ಡರಿನೊಳಗೆ ಯುಡೆವ್, ಅದರೊಳಗೆ ಎಚ್‌ಡಬ್ಲ್ಯುಡಿಬಿ ಡಾಟ್ ಡಿ ಎಂಬ ಫೋಲ್ಡರ್ ಇದೆ. ಇಲ್ಲದಿದ್ದರೆ ಮಾಡಿಕೊಳ್ಳಿ. ಅಲ್ಲಿ 90ರಿಂದ ಶುರುವಾಗುವ ಹೆಸರಿನ, ಎಚ್‌ಡಬ್ಲ್ಯುಡಿಬಿ ಎಂಬ ಬಾಲವಿರುವ ಒಂದು ಹೊಸ ಫೈಲ್ ಮಾಡಿ. ಫೈಲ್‌ಗಳನ್ನು ಹೆಸರಿನ ಅನುಕ್ರಮದಲ್ಲಿ ಓದುತ್ತಾರೆ. 60 ಆದ ಮೇಲೆ 90 ಬರುತ್ತದೆ, ಕೊನೆಗೆ ಬಂದವರ ಮಾತೇ ನಡೆಯುತ್ತದೆ.

ಫೈಲಿನ ಮೊದಲ ಸಾಲು ಯಾವ ಕೀಬೋರ್ಡ್ ಎಂದು ಹೇಳುತ್ತದೆ. ಇವಿಡೆವ್ ಎಂಬ ಪದ, ಕೋಲನ್, ಇನ್‌ಪುಟ್ ಎಂಬ ಪದ, ಕೋಲನ್, ಆಮೇಲೆ ಬಿ ಅಕ್ಷರದ ಮುಂದೆ 0003, ವಿ ಅಕ್ಷರದ ಮುಂದೆ ತಯಾರಕರ ಸಂಖ್ಯೆ, ಪಿ ಅಕ್ಷರದ ಮುಂದೆ ಮಾದರಿಯ ಸಂಖ್ಯೆ, ಕೊನೆಯಲ್ಲಿ ನಕ್ಷತ್ರ ಚಿಹ್ನೆ. ಇಲ್ಲಿ 0003 ಎಂದರೆ ಯುಎಸ್‌ಬಿ. ತಯಾರಕ ಮತ್ತು ಮಾದರಿಯ ಸಂಖ್ಯೆಗಳು ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟರೆ ಸಿಗುತ್ತವೆ. ಒಂದು ಎಚ್ಚರಿಕೆ: ಆ ಆದೇಶ ಸಂಖ್ಯೆಯೊಳಗಿನ ಇಂಗ್ಲಿಷ್ ಅಕ್ಷರಗಳನ್ನು ಸಣ್ಣಕ್ಷರದಲ್ಲಿ ತೋರಿಸುತ್ತದೆ, ಈ ಫೈಲಿನ ಮೊದಲ ಸಾಲಿಗೆ ದೊಡ್ಡಕ್ಷರವೇ ಬೇಕು. ಬಿ, ವಿ, ಪಿ ಮಾತ್ರ ಸಣ್ಣಕ್ಷರ.

ಎರಡನೆಯ ಸಾಲು ಒಂದು ಖಾಲಿ ಜಾಗದಿಂದ ಶುರುವಾಗಬೇಕು. ಈ ಖಾಲಿ ಜಾಗ ಅಂದಕ್ಕೆ ಅಲ್ಲ, ನಿಯಮ. ಬಿಟ್ಟರೆ ಸಾಲು ಕೆಲಸ ಮಾಡುವುದಿಲ್ಲ. ಆಮೇಲೆ ಕೀಬೋರ್ಡ್ ಮತ್ತು ಕೀ ಎಂಬ ಎರಡು ಪದಗಳನ್ನು ದೊಡ್ಡಕ್ಷರದಲ್ಲಿ ಅಡಿಗೆರೆ ಹಾಕಿ ಜೋಡಿಸಿ, ಮತ್ತೊಂದು ಅಡಿಗೆರೆ, ಸ್ಕ್ಯಾನ್‌ಕೋಡ್, ಸಮ ಚಿಹ್ನೆ, ನಿಮಗೆ ಬೇಕಾದ ಕೀಯ ಹೆಸರು. ಸ್ಕ್ಯಾನ್‌ಕೋಡಿನಲ್ಲಿ ಅಕ್ಷರವಿದ್ದರೆ ಇಲ್ಲಿ ಸಣ್ಣಕ್ಷರದಲ್ಲಿ, ಇವಿಟೆಸ್ಟ್ ತೋರಿಸಿದ ಹಾಗೇ ಬರೆಯಿರಿ. ಹೆಸರು ಎಂದರೆ ಕರ್ನೆಲ್ ಪಟ್ಟಿಯಲ್ಲಿರುವ ಹೆಸರೇ, ಶುರುವಿನ ಕೀ ಎಂಬ ಭಾಗ ತೆಗೆದು ಸಣ್ಣಕ್ಷರದಲ್ಲಿ. 70039ರ ಮುಂದೆ ಲೆಫ್ಟ್‌ಕಂಟ್ರೋಲಿನ ಹೆಸರು ಬರೆದರೆ ನಿಮ್ಮ ಕ್ಯಾಪ್ಸ್ ಲಾಕ್ ಕಂಟ್ರೋಲ್ ಆಗುತ್ತದೆ. ಎಷ್ಟೋ ಪ್ರೋಗ್ರಾಮರ್‌ಗಳು ಮಾಡಿಕೊಳ್ಳುವ ಮೊದಲ ಬದಲಾವಣೆ ಇದೇ.

ಉಳಿಸಿದ ಮೇಲೆ ಎರಡು ಆದೇಶ. ಸಿಸ್ಟಂಡಿ-ಎಚ್‌ಡಬ್ಲ್ಯುಡಿಬಿ ಅಪ್‌ಡೇಟ್ ಎಂದರೆ ಕೋಶವನ್ನು ಹೊಸದಾಗಿ ಕಟ್ಟುತ್ತದೆ. ಯುಡೆವ್‌ಎಡಿಎಂ ಟ್ರಿಗರ್ ಎಂದರೆ ಅದನ್ನು ಈಗಲೇ ಜಾರಿ ಮಾಡುತ್ತದೆ. ಮತ್ತೆ ಇವಿಟೆಸ್ಟ್ ಓಡಿಸಿ, ಹೆಸರು ಬದಲಾಗಿರಬೇಕು. ಬದಲಾಗದಿದ್ದರೆ ಹತ್ತರಲ್ಲಿ ಒಂಬತ್ತು ಪಾಲು ತಪ್ಪು ಆ ಖಾಲಿ ಜಾಗದಲ್ಲೋ ದೊಡ್ಡಕ್ಷರದಲ್ಲೋ ಇರುತ್ತದೆ.

ಲ್ಯಾಪ್‌ಟಾಪಿನ ಒಳಗಿನ ಕೀಬೋರ್ಡಿಗೆ ಮೊದಲ ಸಾಲು ಬೇರೆ ಬಗೆ. ಅಲ್ಲಿ ಯುಎಸ್‌ಬಿ ಸಂಖ್ಯೆ ಇಲ್ಲ, ಅದರ ಬದಲು ಯಂತ್ರದ ತಯಾರಕ ಮತ್ತು ಮಾದರಿಯ ಹೆಸರನ್ನು ಬಯಾಸ್ ಹೇಳಿದ ಹಾಗೆ ಬರೆಯಬೇಕು. 60-ಕೀಬೋರ್ಡ್ ಫೈಲಿನಲ್ಲಿ ನಿಮ್ಮ ಕಂಪನಿಯ ಬೇರೆ ಮಾದರಿಯ ಸಾಲನ್ನು ನೋಡಿ ನಕಲು ಮಾಡಿಕೊಳ್ಳುವುದೇ ಸುಲಭ.

ಕೆಲವು ಲ್ಯಾಪ್‌ಟಾಪ್‌ಗಳಿಗೆ ಒಂದು ಕೆಟ್ಟ ಚಟ ಇದೆ. ಹೆಚ್ಚುವರಿ ಕೀ ಒತ್ತಿದ್ದನ್ನು ಹೇಳುತ್ತವೆ, ಬಿಟ್ಟಿದ್ದನ್ನು ಹೇಳುವುದಿಲ್ಲ. ಇವಿಟೆಸ್ಟ್‌ನಲ್ಲಿ 1 ಬರುತ್ತದೆ, 0 ಬರುವುದೇ ಇಲ್ಲ. ದನಿ ಒಮ್ಮೆ ಇಳಿಸಿದರೆ ಸೊನ್ನೆಗೆ ಮುಟ್ಟುವವರೆಗೂ ಇಳಿಯುತ್ತಲೇ ಇರುತ್ತದೆ. ಇದಕ್ಕೂ ಎಚ್‌ಡಬ್ಲ್ಯುಡಿಬಿಯಲ್ಲೇ ಮದ್ದು: ಸಮ ಚಿಹ್ನೆ ಆದ ಮೇಲೆ, ಕೀಯ ಹೆಸರಿಗಿಂತ ಮೊದಲು, ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಒತ್ತಿದ ಕೂಡಲೇ ಬಿಟ್ಟಂತೆ ಕರ್ನೆಲ್ ತಾನೇ ಲೆಕ್ಕ ಹಾಕುತ್ತದೆ.

ಎಚ್‌ಡಬ್ಲ್ಯುಡಿಬಿಯನ್ನು ಉಲ್ಟಾ ಕೂಡ, ಅಂದರೆ ಕೀಯ ಬಾಯಿ ಮುಚ್ಚಿಸುವುದಕ್ಕೂ ಬಳಸಬಹುದು. ಕೆಲವು ಅಗ್ಗದ ಕೀಬೋರ್ಡ್‌ಗಳಲ್ಲಿ ಡಿಲೀಟ್ ಬಟನ್ನಿನ ಪಕ್ಕದಲ್ಲೇ ಕಂಪ್ಯೂಟರನ್ನು ಮಲಗಿಸುವ ಬಟನ್ ಇಟ್ಟಿರುತ್ತಾರೆ. ಯಾವ ಪುಣ್ಯಾತ್ಮನ ಯೋಚನೆಯೋ! ಅದರ ಸ್ಕ್ಯಾನ್‌ಕೋಡ್ 10082. ಸಮ ಚಿಹ್ನೆಯ ಮುಂದೆ ರಿಸರ್ವ್ಡ್ ಎಂದು ಬರೆದರೆ ಆ ಕೀ ಬಾಯಿ ಮುಚ್ಚುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೆಯ ಮಾರ್ಗದರ್ಶಿಗಳೆಲ್ಲ ಈ ಕೆಲಸಕ್ಕೆ ಎಕ್ಸ್‌ಮೋಡ್‌ಮ್ಯಾಪ್ ಬಳಸಿ ಎನ್ನುತ್ತವೆ. ಈಗ ಬೇಡ. ಅದು ಎಕ್ಸ್ ಸರ್ವರಿನೊಳಗೆ ಮಾತ್ರ ನಡೆಯುತ್ತದೆ, ಎಕ್ಸ್‌ನ ಜಾಗಕ್ಕೆ ಬರುತ್ತಿರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ಗೆ ತಲುಪುವುದಿಲ್ಲ. ಕೀಬೋರ್ಡ್ ಕಿತ್ತು ಮತ್ತೆ ಚುಚ್ಚಿದರೆ ಮರೆತುಬಿಡುತ್ತದೆ. ಎಚ್‌ಡಬ್ಲ್ಯುಡಿಬಿ ಕರ್ನೆಲ್ಲಿನ ಮೇಜಿನಲ್ಲೇ ಸರಿಪಡಿಸುವುದರಿಂದ ಎಕ್ಸ್, ವೇಲ್ಯಾಂಡ್, ಕಪ್ಪು ಪರದೆಯ ಕನ್ಸೋಲ್ ಎಲ್ಲ ಕಡೆಗೂ ಒಂದೇ ಪರಿಹಾರ.

255ರ ಗೋಡೆ

ಕೆಲವೊಮ್ಮೆ ಇವಿಟೆಸ್ಟ್‌ನಲ್ಲಿ ಹೆಸರು ಸರಿಯಾಗಿ ಬರುತ್ತದೆ, ಆದರೆ ಎಕ್ಸ್ ಬಳಸುವ ಡೆಸ್ಕ್‌ಟಾಪಿಗೆ ಅದು ಕಾಣುವುದೇ ಇಲ್ಲ. ಇದರ ಕಾರಣ ಹಳೆಯದು. 1987ರ ಎಕ್ಸ್11 ನಿಯಮದಲ್ಲಿ ಕೀಕೋಡ್‌ಗೆ ಒಂದೇ ಬೈಟ್ ಜಾಗ ಕೊಟ್ಟಿದ್ದಾರೆ, 8ರಿಂದ 255ರವರೆಗೆ. 8ಕ್ಕಿಂತ ಕೆಳಗೆ ಇರಬಾರದು ಎಂಬ ಕಾರಣಕ್ಕೆ ಕರ್ನೆಲ್ಲಿನ ಸಂಖ್ಯೆಗೆ 8 ಕೂಡಿಸಿ ಎಕ್ಸ್‌ಗೆ ಕೊಡುತ್ತಾರೆ. ಕ್ಯಾಲ್ಕುಲೇಟರ್ 140, ಎಕ್ಸ್‌ನಲ್ಲಿ 148. ಕ್ಯಾಪ್ಸ್ ಲಾಕ್ 58, ಎಕ್ಸ್‌ನಲ್ಲಿ 66. ಕರ್ನೆಲ್ಲಿನಲ್ಲಿ 247 ದಾಟಿದ ಯಾವ ಕೀಯೂ ಎಕ್ಸ್‌ಗೆ ದಕ್ಕುವುದಿಲ್ಲ.

ಮೈಕ್ ಮುಚ್ಚುವ ಕೀಯ ಸಂಖ್ಯೆ ಎಷ್ಟು ಗೊತ್ತಾ? 248. ಎಂಟು ಕೂಡಿಸಿದರೆ 256. ಒಂದೇ ಒಂದು ಅಂಕಿಯಿಂದ ಗೋಡೆಯ ಆಚೆಗೆ ಬಿತ್ತು. ವಿಡಿಯೊ ಕರೆಗಳ ಈ ಕಾಲದಲ್ಲಿ ಎಲ್ಲರಿಗೂ ಬೇಕಾದ ಕೀ ಅದು.

ಇದಕ್ಕೆ ಕಂಡುಕೊಂಡ ಉಪಾಯ ಸ್ವಲ್ಪ ತಮಾಷೆಯದು. ನಮ್ಮ ಕೀಬೋರ್ಡ್‌ಗಳಲ್ಲಿ ಎಫ್12ಕ್ಕೆ ಸಾಲು ಮುಗಿಯುತ್ತದೆ. ಆದರೆ ಹಿಂದೆ ಐಬಿಎಂನ ದೊಡ್ಡ ಟರ್ಮಿನಲ್ ಕೀಬೋರ್ಡ್‌ಗಳಲ್ಲಿ ಎಫ್24ರವರೆಗೆ ಇತ್ತು. ಕರ್ನೆಲ್ ಪಟ್ಟಿಯಲ್ಲಿ ಎಫ್13ರಿಂದ ಎಫ್24ರವರೆಗಿನ ಜಾಗ, 183ರಿಂದ 194, ಇಂದಿಗೂ ಇದೆ. ಬಳಸುವವರು ಕಡಿಮೆ. ಹಾಗಾಗಿ ಎಚ್‌ಡಬ್ಲ್ಯುಡಿಬಿಯಲ್ಲಿ ಮೈಕ್ ಕೀಗೆ ಎಫ್20 ಎಂದು ಬರೆದರು. ಎಕ್ಸ್‌ಕೆಬಿ ಪಟ್ಟಿಯಲ್ಲಿ ಎಫ್20 ಬಂದರೆ ಮೈಕ್ ಮುಚ್ಚು ಎಂದು ಬರೆದರು. ಟಚ್‌ಪ್ಯಾಡ್ ಆನ್-ಆಫ್ ಮಾಡುವ ಕೀ ಕರ್ನೆಲ್ಲಿನಲ್ಲಿ 530, ಅದನ್ನು ಎಫ್21ಕ್ಕೆ ಕೂರಿಸಿದರು. 60-ಕೀಬೋರ್ಡ್ ಫೈಲ್ ತೆರೆದವರಿಗೆ ಎಲ್ಲೆಲ್ಲೂ ಎಫ್20, ಎಫ್21 ಕಂಡು ತಲೆ ಕೆಡುವುದಕ್ಕೆ ಕಾರಣ ಇದೇ.

ವೇಲ್ಯಾಂಡ್‌ಗೆ ಈ ಗೋಡೆ ಇಲ್ಲ. ಅಲ್ಲಿ ಕೀಕೋಡ್‌ಗೆ 32 ಬಿಟ್ ಜಾಗ ಇದೆ. ಆದರೂ ಹಳೆಯ ಏರ್ಪಾಡು ಉಳಿದುಕೊಂಡಿದೆ, ಯಾಕೆಂದರೆ ಎಕ್ಸ್ ಬಳಸುವವರು ಇನ್ನೂ ಇದ್ದಾರೆ. ನಿಮಗೆ ಖಾಲಿ ಕೀಗೆ ಒಂದು ಹೆಸರು ಬೇಕಿದ್ದರೆ ಎಫ್13ರಿಂದ ಎಫ್19ರೊಳಗೆ ಆರಿಸಿ, ಅಥವಾ 148 ಮತ್ತು 149ರಲ್ಲಿರುವ ಪ್ರಾಗ್1, ಪ್ರಾಗ್2 ಎಂಬ ಹೆಸರು ಕೊಡಿ. ಈ ಎರಡು ಇರುವುದೇ "ಬಳಕೆದಾರ ಏನು ಬೇಕೋ ಮಾಡಿಕೊಳ್ಳಲಿ" ಎಂಬ ಕೀಗಳಿಗಾಗಿ.

ಹೊಸ ಅತಿಥಿ: ಕೋಪೈಲಟ್ ಕೀ

2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಕೀಬೋರ್ಡ್‌ಗಳಿಗೆ ಕೋಪೈಲಟ್ ಎಂಬ ಹೊಸ ಕೀ ಘೋಷಿಸಿತು. ವಿಂಡೋಸ್ ಕೀ ಮತ್ತು ಮೆನು ಕೀ ಬಂದದ್ದು 1994ರಲ್ಲಿ, ಅಂದರೆ ಅದಕ್ಕೂ ಮೂವತ್ತು ವರ್ಷ ಮೊದಲು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಹೊಸಬ ಬಂದು ಕೂತದ್ದು ಬಲಗಡೆಯ ಕಂಟ್ರೋಲ್ ಅಥವಾ ಮೆನು ಕೀ ಇದ್ದ ಜಾಗದಲ್ಲಿ.

ಇದಕ್ಕೆ ಹೊಸ ಸ್ಕ್ಯಾನ್‌ಕೋಡ್ ಕೊಡಲಿಲ್ಲ. ಒತ್ತಿದರೆ ಮೂರು ಕೀ ಒಟ್ಟಿಗೆ ಒತ್ತಿದಂತೆ ಹೋಗುತ್ತದೆ: ಎಡಗಡೆಯ ವಿಂಡೋಸ್ ಕೀ, ಎಡಗಡೆಯ ಶಿಫ್ಟ್, ಮತ್ತು ಎಫ್23. ಲ್ಯಾಪ್‌ಟಾಪಿನ ಪಿಎಸ್2 ಕೀಬೋರ್ಡಿನಿಂದ ಬರುವ ಎಫ್23ರ ಕೋಡ್ ಕರ್ನೆಲ್ಲಿಗೆ ಗೊತ್ತಿರಲಿಲ್ಲ. ಹಾಗಾಗಿ ಶಿಫ್ಟ್ ಮತ್ತು ವಿಂಡೋಸ್ ಮಾತ್ರ ತಲುಪಿ, ಮೂರನೆಯದು ದಾರಿಯಲ್ಲೇ ಉಳಿಯುತ್ತಿತ್ತು. 2025ರ ಮಾರ್ಚಿನಲ್ಲಿ ಬಂದ 6.14 ಕರ್ನೆಲ್ ಆ ಕೋಡನ್ನು ಗುರುತಿಸುತ್ತದೆ. ಆಗ ಇನ್ನೊಂದು ಎಡವಟ್ಟು ಎದುರಾಯಿತು. ಎಕ್ಸ್‌ಕೆಬಿಯ ಹಳೆಯ ಪಟ್ಟಿಯಲ್ಲಿ ಎಫ್23ಕ್ಕೆ "ಟಚ್‌ಪ್ಯಾಡ್ ಆಫ್" ಎಂಬ ಅರ್ಥ ಇತ್ತು. ಮೇಲೆ ಹೇಳಿದ ಖಾಲಿ ಜಾಗದ ಉಪಾಯ ಇಲ್ಲಿ ತಿರುಗಿ ಹೊಡೆಯಿತು. ಈಗಿನ ಪಟ್ಟಿಯಲ್ಲಿ ಅದನ್ನೂ ಸರಿಪಡಿಸಿದ್ದಾರೆ.

ಲಿನಕ್ಸ್ ಬಳಸುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಕೋಪೈಲಟ್ ಅಲ್ಲ, ಕಳೆದುಹೋದ ಬಲಗಡೆಯ ಕಂಟ್ರೋಲ್. ಎಚ್‌ಡಬ್ಲ್ಯುಡಿಬಿಯಿಂದ ಇದು ಆಗುವುದಿಲ್ಲ. ಅದು ಒಂದು ಕೀಯನ್ನು ಒಂದು ಕೀಯಾಗಿ ಬದಲಿಸಬಲ್ಲದು, ಮೂರನ್ನು ಒಂದಾಗಿಸಲಾರದು. ಇಲ್ಲಿ ಕೀಡಿ ಎಂಬ ಸೇವೆ ಬೇಕು. ಅದು ಕೀಬೋರ್ಡನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಂಡು, ಯುಇನ್‌ಪುಟ್ ಮೂಲಕ ಒಂದು ಕಲ್ಪಿತ ಕೀಬೋರ್ಡ್ ಮಾಡಿ, ತಾನು ತಿದ್ದಿದ ಕೀಗಳನ್ನು ಅದರಿಂದ ಕಳಿಸುತ್ತದೆ. ಅದರ ಸೆಟ್ಟಿಂಗ್ ಫೈಲಿನಲ್ಲಿ ಎಡಗಡೆಯ ಶಿಫ್ಟ್, ಎಡಗಡೆಯ ಮೆಟಾ (ಅಂದರೆ ವಿಂಡೋಸ್ ಕೀ), ಎಫ್23 ಮೂರನ್ನೂ ಕೂಡಿಸುವ ಚಿಹ್ನೆಯಿಂದ ಜೋಡಿಸಿ ಕಂಟ್ರೋಲ್ ಪದರಕ್ಕೆ ಸಮ ಎಂದು ಬರೆದರೆ ಆಯಿತು. ಮೊದಲು ಇವಿಟೆಸ್ಟ್‌ನಲ್ಲಿ ನೋಡಿಕೊಳ್ಳಿ: ಕೀ ಹಿಡಿದಿರುವಷ್ಟು ಹೊತ್ತೂ 0 ಬರಬಾರದು. ಹಿಡಿದಿರುವಾಗಲೇ 0 ಬಂದರೆ ಅದನ್ನು ಕಂಟ್ರೋಲ್ ಮಾಡಿ ಪ್ರಯೋಜನವಿಲ್ಲ.

ಕೀಡಿ ಬಳಸುವವರು ಒಂದನ್ನು ಬಾಯಿಪಾಠ ಮಾಡಿಕೊಳ್ಳಲಿ. ತಪ್ಪು ಬರೆದು ಕೀಬೋರ್ಡೇ ಅಯೋಮಯ ಆದರೆ ಬ್ಯಾಕ್‌ಸ್ಪೇಸ್, ಎಸ್ಕೇಪ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ಕೀಡಿ ನಿಂತುಹೋಗುತ್ತದೆ.

ಏನೂ ಬರದಿದ್ದರೆ

ಎಲ್ಲ ಸಾಧನದಲ್ಲೂ ಹುಡುಕಿದಿರಿ, ಡಿಮೆಸೇಜ್ ಕೂಡ ಖಾಲಿ. ಆಗ ಮೊದಲ ಅನುಮಾನ ಎಫ್‌ಎನ್ ಕೀ ಮೇಲೆ. ಲ್ಯಾಪ್‌ಟಾಪಿನಲ್ಲಿ ಎಫ್‌ಎನ್ ಎಂಬುದು ಬಹುಪಾಲು ಕರ್ನೆಲ್ಲಿನವರೆಗೆ ಬರುವುದೇ ಇಲ್ಲ. ಮದರ್‌ಬೋರ್ಡಿನ ಮೇಲೆ ಎಂಬೆಡೆಡ್ ಕಂಟ್ರೋಲರ್ ಎಂಬ ಚಿಪ್ ಇರುತ್ತದೆ, ಅದು ಅಲ್ಲೇ ನುಂಗಿಬಿಡುತ್ತದೆ. ಎಫ್‌ಎನ್ ಜೊತೆ ಇನ್ನೊಂದು ಕೀ ಒತ್ತಿದರೆ ಮಾತ್ರ ಅದರ ಫಲಿತಾಂಶ ಹೊರಗೆ ಬರುತ್ತದೆ. ಅದೂ ಕೀಬೋರ್ಡಿನ ದಾರಿಯಲ್ಲಿ ಬರಬೇಕೆಂದಿಲ್ಲ. ಎಸಿಪಿಐ ಅಥವಾ ಡಬ್ಲ್ಯುಎಂಐ ಎಂಬ ಬೇರೆ ದಾರಿಯಲ್ಲಿ ಬರಬಹುದು. ಅದನ್ನು ಕೇಳಿಸಿಕೊಳ್ಳಲು ಕಂಪನಿಗೊಂದು ಕರ್ನೆಲ್ ಮಾಡ್ಯೂಲ್ ಇದೆ: ಥಿಂಕ್‌ಪ್ಯಾಡ್‌ಗೆ ಥಿಂಕ್‌ಪ್ಯಾಡ್-ಎಸಿಪಿಐ, ಐಡಿಯಾಪ್ಯಾಡ್‌ಗೆ ಐಡಿಯಾಪ್ಯಾಡ್-ಲ್ಯಾಪ್‌ಟಾಪ್, ಉಳಿದಂತೆ ಏಸಸ್, ಡೆಲ್, ಎಚ್‌ಪಿ ಹೆಸರಿನ ಡಬ್ಲ್ಯುಎಂಐ ಮಾಡ್ಯೂಲ್‌ಗಳು. ಇವು ಇವಿಟೆಸ್ಟ್ ಪಟ್ಟಿಯಲ್ಲಿ ಥಿಂಕ್‌ಪ್ಯಾಡ್ ಎಕ್ಸ್‌ಟ್ರಾ ಬಟನ್ಸ್, ಏಸಸ್ ಡಬ್ಲ್ಯುಎಂಐ ಹಾಟ್‌ಕೀಸ್ ಎಂಬಂಥ ಹೆಸರಿನ ಬೇರೆ ಸಾಧನವಾಗಿ ಕಾಣುತ್ತವೆ. ಬೆಳಕು ಹೆಚ್ಚು-ಕಡಿಮೆ ಮಾಡುವ ಕೀಗಳು ಕೆಲವು ಯಂತ್ರಗಳಲ್ಲಿ ವಿಡಿಯೊ ಬಸ್ ಎಂಬ ಸಾಧನದಿಂದ ಬರುತ್ತವೆ. ಕೀಬೋರ್ಡಿನ ಕೆಳಗೆ ಹುಡುಕಿದವರಿಗೆ ಸಿಗದೆ ಇರುವುದು ಸಹಜವೇ.

ಆಪಲ್ ಕೀಬೋರ್ಡ್‌ಗಳ ವಿಷಯ ಸರಳ. ಅಲ್ಲಿ ಎಫ್‌ಎನ್ ಕರ್ನೆಲ್ಲಿಗೆ ತಲುಪುತ್ತದೆ. ಮೇಲ್ಸಾಲು ಮೊದಲು ದನಿ, ಬೆಳಕಿನ ಕೀ ಆಗಬೇಕಾ, ಎಫ್1, ಎಫ್2 ಆಗಬೇಕಾ ಎಂಬುದನ್ನು ಎಚ್‌ಐಡಿ-ಆಪಲ್ ಮಾಡ್ಯೂಲಿನ ಎಫ್‌ಎನ್‌ಮೋಡ್ ಎಂಬ ಸಂಖ್ಯೆ ತೀರ್ಮಾನಿಸುತ್ತದೆ. 1 ಆದರೆ ಚಿತ್ರದ ಕೆಲಸ ಮೊದಲು, 2 ಆದರೆ ಎಫ್ ಕೀಗಳು ಮೊದಲು.

ಗೇಮಿಂಗ್ ಕೀಬೋರ್ಡ್‌ಗಳಲ್ಲಿ ಒಂದೊಂದು ಕಂಪನಿಗೆ ಒಂದೊಂದು ಪದ್ಧತಿ. ಕೆಲವದರ ಹೆಚ್ಚುವರಿ ಕೀ, ಕಂಪನಿಯ ಸಾಫ್ಟ್‌ವೇರ್ "ಈಗ ಮಾತಾಡು" ಎಂದು ಹೇಳುವವರೆಗೆ ತುಟಿ ಬಿಚ್ಚುವುದಿಲ್ಲ. ಆ ಕೆಲಸವನ್ನು ಲಿನಕ್ಸ್‌ನಲ್ಲಿ ಸ್ವಯಂಸೇವಕರು ಬರೆದ ಪ್ರೋಗ್ರಾಂಗಳು ಮಾಡುತ್ತವೆ. ಲಾಜಿಟೆಕ್‌ನ ತಂತಿಯಿಲ್ಲದ ಸಾಧನಗಳಿಗೆ ಸೋಲಾರ್, ರೇಜರ್‌ಗೆ ಓಪನ್‌ರೇಜರ್. ಇಷ್ಟೆಲ್ಲ ತಲೆನೋವು ಬೇಡ ಎನ್ನುವವರು ಮುಂದಿನ ಸಲ ಕ್ಯುಎಂಕೆ ಫರ್ಮ್‌ವೇರ್ ಇರುವ ಕೀಬೋರ್ಡ್ ಕೊಳ್ಳಲಿ. ಅದರಲ್ಲಿ ಯಾವ ಕೀ ಏನು ಕಳಿಸಬೇಕೆಂದು ಕೀಬೋರ್ಡಿನೊಳಗೇ ಬರೆದಿಡಬಹುದು. ಯಾವ ಕಂಪ್ಯೂಟರಿಗೆ ಚುಚ್ಚಿದರೂ ಅದೇ ನಡೆಯುತ್ತದೆ.

ಹೆಸರು ಸರಿ, ಕೆಲಸ ಮಾತ್ರ ಇಲ್ಲ

ಇದು ಕೊನೆಯ ಮೇಜು, ಎಲ್ಲಕ್ಕಿಂತ ಸುಲಭ. ಗ್ನೋಮ್, ಕೆಡಿಇ ಎರಡರಲ್ಲೂ ಸೆಟ್ಟಿಂಗ್ಸ್‌ನಲ್ಲಿ ಶಾರ್ಟ್‌ಕಟ್ ವಿಭಾಗ ಇದೆ. ಅಲ್ಲಿ ಹೊಸ ಶಾರ್ಟ್‌ಕಟ್ ಸೇರಿಸಿ, ಕೀ ಒತ್ತಿ, ಓಡಬೇಕಾದ ಆದೇಶ ಬರೆಯಿರಿ. ಸ್ವೇ, ಐ3 ಥರದ ಸರಳ ವ್ಯವಸ್ಥೆಯಲ್ಲಿ ನೀವು ಬರೆಯದೆ ಇದ್ದರೆ ಆ ಕೀಗಳಿಗೆ ಕೆಲಸ ಹಚ್ಚುವವರು ಯಾರೂ ಇಲ್ಲ. ಸೆಟ್ಟಿಂಗ್ ಫೈಲಿನಲ್ಲಿ ಕೀಸಿಮ್ ಹೆಸರು ಕೊಟ್ಟು ಆದೇಶ ಜೋಡಿಸಬೇಕು. ಸರಿಯಾದ ಕೀಸಿಮ್ ಹೆಸರು ಎಕ್ಸ್‌ನಲ್ಲಿ ಎಕ್ಸ್‌ಇವಿ, ವೇಲ್ಯಾಂಡ್‌ನಲ್ಲಿ ವೆವ್ ಎಂಬ ಪ್ರೋಗ್ರಾಂನಿಂದ ಸಿಗುತ್ತದೆ. ಎಕ್ಸ್‌ನಲ್ಲಿ ಎಲ್ಲ ಕೀಗೂ ಕಿವಿಗೊಡುತ್ತಿದ್ದ ಹಳೆಯ ಶಾರ್ಟ್‌ಕಟ್ ಪ್ರೋಗ್ರಾಂಗಳು ವೇಲ್ಯಾಂಡ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಬೇರೆ ವಿಂಡೋದ ಕೀಗಳನ್ನು ಕೇಳಿಸಿಕೊಳ್ಳುವುದಕ್ಕೆ ಯಾರಿಗೂ ಬಿಡುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಈ ಸುಮ್ಮನೆ ಬಿದ್ದಿರುವ ಕೀಗಳಿಂದ ನಿಜವಾದ ಉಪಯೋಗ ಇದೆ. ದಿನಕ್ಕೆ ನೂರು ಸಲ ಕನ್ನಡ-ಇಂಗ್ಲಿಷ್ ಬದಲಿಸುತ್ತೇವೆ. ಅದಕ್ಕೆ ಎರಡು ಕೀ ಒಟ್ಟಿಗೆ ಒತ್ತುವ ಬದಲು ಒಂದೇ ಕೀ ಸಾಕಲ್ಲ! ಎಕ್ಸ್‌ಕೆಬಿಯಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ವಿನ್ಯಾಸ ಇವೆ. ಕಗಪ ಎಂದರೆ ನಾವು ನುಡಿಯಲ್ಲಿ ಕಲಿತ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕೀಲಿಮಣೆಯೇ. ಎಕ್ಸ್‌ಎಫ್‌ಸಿಇ, ಸ್ವೇ ಬಳಸುವವರು ವಿನ್ಯಾಸ ಬದಲಿಸುವ ಕೆಲಸವನ್ನು ಎಕ್ಸ್‌ಕೆಬಿಯ ಆಯ್ಕೆಯಿಂದ ಮೆನು ಕೀಗೆ ವಹಿಸಬಹುದು. ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಶಾರ್ಟ್‌ಕಟ್ ಪಟ್ಟಿಯಲ್ಲೇ ಭಾಷೆ ಬದಲಿಸುವ ಸಾಲು ಇದೆ. ಕ್ಯಾಲ್ಕುಲೇಟರ್ ಕೀ ನಿಮಗೆ ಬೇಡವಾದರೆ ಅದನ್ನೇ ಅಲ್ಲಿ ಒತ್ತಿ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕ ಕನ್ನಡ ಬರೆಯುವವರು ಗಮನಿಸಿ: ಎಕ್ಸ್‌ಕೆಬಿಯ ಆಯ್ಕೆ ಎಕ್ಸ್‌ಕೆಬಿ ವಿನ್ಯಾಸಗಳನ್ನು ಮಾತ್ರ ಬದಲಿಸುತ್ತದೆ, ಐಬಸ್‌ನ ಬದಲಾವಣೆ ಕೀಯನ್ನು ಐಬಸ್‌ನ ಸೆಟ್ಟಿಂಗ್‌ನಲ್ಲೇ ಹೇಳಬೇಕು. ಹಾಗೇ ರೂಪಾಯಿ ಚಿಹ್ನೆ ಬೇಕಿದ್ದರೆ ಹೊಸ ಕೀ ಹುಡುಕಬೇಕಾಗಿಲ್ಲ. "ಇಂಗ್ಲಿಷ್, ಭಾರತ, ರೂಪಾಯಿ ಸಹಿತ" ಎಂಬ ವಿನ್ಯಾಸ ಆರಿಸಿಕೊಂಡು ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ₹ ಬರುತ್ತದೆ.

ನಿಮ್ಮ ಎರಡು ಸಾಲು ಸರಿಯಾಗಿ ನಡೆದರೆ ಅವನ್ನು ಯುಡೆವ್ ಮತ್ತು ಆ ಕೋಶವನ್ನು ನೋಡಿಕೊಳ್ಳುವ ಸಿಸ್ಟಂಡಿ ಯೋಜನೆಗೆ ಕಳಿಸಿ. ನಿಮ್ಮ ವೈಯಕ್ತಿಕ ಇಷ್ಟಗಳನ್ನಲ್ಲ, ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಮಾಡಿದ್ದನ್ನಂತೂ ಅಲ್ಲ. ಕೀ ಮೇಲೆ ಬರೆದ ಚಿತ್ರಕ್ಕೂ ಕರ್ನೆಲ್ ಹೇಳುವ ಹೆಸರಿಗೂ ತಾಳೆಯಾಗದಿದ್ದುದನ್ನು ಸರಿಪಡಿಸಿದ ಸಾಲು ಮಾತ್ರ. ಮಾದರಿಯ ಹೆಸರು, ಸ್ಕ್ಯಾನ್‌ಕೋಡ್, ಕೀ ಮೇಲಿನ ಚಿತ್ರ ಏನು ಎಂದು ಬರೆದರೆ ಸಾಕು. ಒಪ್ಪಿಕೊಂಡರೆ ಅದು 60-ಕೀಬೋರ್ಡ್ ಫೈಲಿಗೆ ಸೇರಿ, ಮುಂದಿನ ಆವೃತ್ತಿಯಲ್ಲಿ ಅದೇ ಮಾದರಿ ಇರುವ ಎಲ್ಲರಿಗೂ ತಲುಪುತ್ತದೆ. ಆ ಆವೃತ್ತಿ ನಿಮ್ಮ ಕಂಪ್ಯೂಟರಿಗೂ ಬಂದ ದಿನ 90ರ ಫೈಲನ್ನು ಅಳಿಸಿಹಾಕಿ, ಕೋಶವನ್ನು ಇನ್ನೊಮ್ಮೆ ಅಪ್‌ಡೇಟ್ ಮಾಡಿ.